ಪಕ್ಷ ನೋಡಿ ಕರುಣೆ ಅಳೆಯಬಹುದೇ? ಐಆರ್‌ಐ ಪ್ರಶ್ನಾವಳಿ ವಿಮರ್ಶೆ

'ಆ ಪಕ್ಷದವರಿಗೆ ಕರುಳಿಲ್ಲ, ಈ ಪಕ್ಷದವರಿಗೆ ತಲೆಯಿಲ್ಲ' ಎನ್ನುವವರು ಪುರಾವೆಗೆ ಹಿಡಿಯುವ ಅಳತೆಗೋಲುಗಳಲ್ಲಿ ಐಆರ್‌ಐ (ಇಂಟರ್‌ಪರ್ಸನಲ್ ರಿಯಾಕ್ಟಿವಿಟಿ ಇಂಡೆಕ್ಸ್) ಎಂಬ, ಪರರ ಭಾವನೆಗೆ ಸ್ಪಂದಿಸುವ ಗುಣ ಅಳೆಯುವ ಪ್ರಶ್ನಾವಳಿಯೂ ಒಂದು. ಮನೋವಿಜ್ಞಾನಿ ಮಾರ್ಕ್ ಡೇವಿಸ್ 1980ರಲ್ಲಿ ರೂಪಿಸಿದ್ದು. 28 ಹೇಳಿಕೆ, ಪ್ರತಿಯೊಂದಕ್ಕೂ 0ರಿಂದ 4 ಅಂಕ, ನಾಲ್ಕು ವಿಭಾಗ. ಬುದ್ಧಿಯನ್ನು ಇದು ಅಳೆಯುವುದೇ ಇಲ್ಲ.

ಎಡವುವುದು ಲೆಕ್ಕದಲ್ಲಿ. 9 ಹೇಳಿಕೆಗಳ ಅಂಕ ತಿರುವಬೇಕು: 'ಇತರರ ಕಣ್ಣಿನಿಂದ ನೋಡುವುದು ಕಷ್ಟ' ಎಂಬಂಥದ್ದಕ್ಕೆ 4 ಕೊಟ್ಟರೆ ಅದು 0. ನಾಲ್ಕೂ ವಿಭಾಗ ಕೂಡಿಸಿ ಒಂದೇ ಅಂಕ ಮಾಡಬೇಡಿ. ಪರರ ನೋವಿಗೆ ಮಿಡಿಯುವುದೂ ಆ ನೋವು ಕಂಡು ತಾನೇ ಕಂಗಾಲಾಗುವುದೂ ಬೇರೆ ಬೇರೆ ವಿಭಾಗಗಳು.

ದೊಡ್ಡ ಕೊರತೆ ಇನ್ನೊಂದು. ಉತ್ತರಿಸುವವರು ತಮ್ಮನ್ನು ತಾವೇ ಅಳೆದುಕೊಳ್ಳುತ್ತಾರೆ. ನೊಂದವರು ಯಾರ ಪಕ್ಷದವರು ಎಂದು ಹೇಳಿಕೆಗಳು ಕೇಳುವುದಿಲ್ಲ. ತನ್ನವರಿಗಷ್ಟೇ ಮರುಗುವವರೂ ಇಲ್ಲಿ ಪೂರ್ಣಾಂಕ ಪಡೆಯಬಹುದು. ಸ್ವಂತ ಅವಲೋಕನಕ್ಕೆ ಒಳ್ಳೆಯದು, ಎದುರಾಳಿಯ ಮೇಲೆ ಎಸೆಯಲು ಖಂಡಿತ ಬೇಡ.