ಆಯಿಲ್ ಜಿನುಗಿದರೆ ಬೋಲ್ಟ್ ಬಿಗಿ ಮಾಡಿಸಬೇಡಿ, ಪೇಸ್ಟ್ ಅಂತೂ ಬೇಡವೇ ಬೇಡ

ಮನೆಯಲ್ಲೇ ಬೈಕಿನ ಆಯಿಲ್ ಬದಲಿಸುವವರು ನಮ್ಮ ಚಿಕ್ಕಮಗಳೂರು ಕಡೆ ತುಂಬಾ ಜನ ಇದ್ದೀರಿ. ತೋಟದ ಮನೆಯಿಂದ ಪೇಟೆಗೆ ಬಂದು ಅರ್ಧ ದಿನ ಕಾಯುವ ಬದಲು ಅಂಗಳದಲ್ಲೇ ಕೆಲಸ ಮುಗಿಸುವುದು ಒಳ್ಳೆಯದೇ. ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಹೇಳಬೇಕಾಗಿರುವುದು ಅದರ ಮುಂದಿನ ಮಾತು. ಆಯಿಲ್ ಬದಲಿಸಿದ ಮೇಲೆ ಡ್ರೈನ್ ಬೋಲ್ಟ್ (ಹಳೆಯ ಆಯಿಲ್ ಇಳಿಸಲು ಎಂಜಿನ್ ತಳದಲ್ಲಿ ಬಿಚ್ಚುವ ಬೋಲ್ಟ್) ಹತ್ತಿರ ಒಂದು ಹನಿ ಜಿನುಗಿದರೆ, ಅದನ್ನು ಬಲ ಹಾಕಿ ತಿರುಗಿಸಲು ಯಾರಿಗೂ ಬಿಡಬೇಡಿ. ಸೋರಿಕೆ ಮುಚ್ಚುವ ಪೇಸ್ಟ್ ಹಚ್ಚುತ್ತೇನೆ ಅಂದರೆ ಬೈಕ್ ತಳ್ಳಿಕೊಂಡು ಹೊರಗೆ ಬನ್ನಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನಾವಿಬ್ಬರು ಬೀಳದೆ ಉಳಿದಿದ್ದು ಅದೃಷ್ಟದಿಂದ.

ನಮ್ಮದು 100 ಸಿಸಿ ಬೈಕ್. ಆಯಿಲ್ ಹಳೆಯದನ್ನು ಇಳಿಸಿ ಹೊಸದು ಹಾಕಿದೆ, ಬೋಲ್ಟಿನ ತಲೆಯ ಕೆಳಗೆ ಕೂರುವ ಲೋಹದ ಬಳೆ, ಅಂದರೆ ವಾಷರ್, ಅದನ್ನೂ ಹೊಸದು ಹಾಕಿದೆ. ಬೆಳಗ್ಗೆ ನೋಡಿದರೆ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಒಂದು ಹನಿ. ಒರೆಸಿ ಇಟ್ಟರೆ ಮರುದಿನ ಮತ್ತೆ ಒಂದು ಹನಿ. ಇಷ್ಟು ಸಣ್ಣ ಸೋರಿಕೆಗೆ ಗಾಬರಿ ಬೇಕಿಲ್ಲ, ವಾಷರ್ ಸರಿಯಾಗಿ ಕೂತಿಲ್ಲದೆ ಇರಬಹುದು ಅಷ್ಟೇ. ಅಷ್ಟರಲ್ಲಿ ಉಜಿರೆಗೆ ಹೋಗಲೇಬೇಕಾದ ಕೆಲಸ ಬಂತು. ಅಣ್ಣನ ಮಗನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಒಂದು ಗ್ಯಾರೇಜ್ ಮುಂದೆ ನಿಲ್ಲಿಸಿ, ಡ್ರೈನ್ ಬೋಲ್ಟಿನ ವಾಷರ್ ಇದ್ದರೆ ಬದಲಿಸಿಕೊಡಿ ಎಂದು ಕೇಳಿದೆ. ಗ್ಯಾರೇಜಿನ ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಇದು ಅಲ್ಲಿ ಮಾತ್ರ ನಡೆಯುವ ಕೆಲಸವೂ ಅಲ್ಲ.

"ವಾಷರ್ ಎಲ್ಲಾ ಬೇಡ ಸಾರ್, ಒಂದು ಸುತ್ತು ಟೈಟ್ ಮಾಡಿದ್ರೆ ನಿಲ್ಲುತ್ತೆ" ಅಂದರು. ಬೇಡ, ವಾಷರ್ ಇಲ್ಲದಿದ್ದರೆ ಹಾಗೇ ಬಿಡಿ ಎಂದೆ. ಹುಡುಗನಿಗೆ ನೀರು ತರಲು ಪಕ್ಕದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. 17 ನಂಬರ್ ಸ್ಪ್ಯಾನರಿಗೆ ಸಿಕ್ಕಿಸಿದ್ದ ಕಬ್ಬಿಣದ ಪೈಪು ಅಲ್ಲೇ ಬಿದ್ದಿತ್ತು. ಬೋಲ್ಟ್ ಸುತ್ತ ಬೂದು ಬಣ್ಣದ ಪೇಸ್ಟ್ ಮೆತ್ತಿತ್ತು. ಸುಮ್ನೆ ಸೇಫ್ಟಿಗೆ ಹಚ್ಚಿದ್ದು, ಮಂಗಳೂರಿಗೆ ಬೇಕಾದರೂ ಹೋಗಿ ಬನ್ನಿ ಅಂದರು. ಥ್ರೆಡ್, ಅಂದರೆ ಬೋಲ್ಟನ್ನು ಹಿಡಿದಿಡುವ ತೂತಿನೊಳಗಿನ ತಿರುಪು ಗೆರೆಗಳು, ಕಿತ್ತುಹೋಗಿದೆ ಎಂಬ ಒಂದು ಮಾತು ಹೇಳಲಿಲ್ಲ. ಕೋಪ ಬರುವುದು ಇದಕ್ಕೇ. ಕೈತಪ್ಪಿ ಥ್ರೆಡ್ ಹೋಗುವುದು ಯಾವ ಮೆಕ್ಯಾನಿಕ್‌ಗಾದರೂ ಆಗಬಹುದು. ಅದನ್ನು ಮುಚ್ಚಿಟ್ಟು, ಇಬ್ಬರು ಕೂತ ಬೈಕನ್ನು ಮಳೆಯಲ್ಲಿ ಘಾಟಿಗೆ ಕಳಿಸುವುದು ಬೇರೆ ವಿಷಯ.

ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾಯಿತು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಪಕ್ಕಕ್ಕೆ ಜಾರಿತು. ಹೇಗೋ ಸರಿ ಮಾಡಿಕೊಂಡು ನಿಧಾನವಾಗಿ ಬದಿಗೆ ನಿಲ್ಲಿಸಿದೆ. ಬಗ್ಗಿ ನೋಡಿದರೆ ಬೋಲ್ಟ್ ಅರ್ಧ ಹೊರಗೆ ಬಂದು ನೇತಾಡುತ್ತಿತ್ತು. ಆಯಿಲ್ ಗಾಳಿಗೆ ಹಿಂದಕ್ಕೆ ಹಾರಿ ಹಿಂದಿನ ಟೈರಿನ ಮೇಲೆಲ್ಲ ಹರಡಿತ್ತು. ತಕ್ಷಣ ಎಂಜಿನ್ ಆಫ್ ಮಾಡಿದೆ. ಮೇಲೆ ಬರುತ್ತಿದ್ದ ಪಿಕಪ್ ಒಂದರವರು ನಿಲ್ಲಿಸಿ, ಬೈಕ್ ಹತ್ತಿಸಿಕೊಂಡು ಮೂಡಿಗೆರೆವರೆಗೆ ಬಿಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಆಮೇಲೆ ಚಿಕ್ಕಮಗಳೂರಿನ ಲೇತ್ ಅಂಗಡಿಯ ಹಿರಿಯರೊಬ್ಬರು ಬೋಲ್ಟನ್ನು ಕೈಯಲ್ಲಿ ಹಿಡಿದು ತೋರಿಸಿದರು. ಪೇಸ್ಟ್ ಕೆರೆದರೆ ಬೋಲ್ಟಿನ ಸುತ್ತ ಹೊಳೆಯುವ ಬೆಳ್ಳಗಿನ ತಂತಿಯಂಥದ್ದು ಸುತ್ತಿಕೊಂಡಿತ್ತು. ಅದು ಎಂಜಿನ್ನಿನ ಒಳಗಿನ ಥ್ರೆಡ್. ಬೋಲ್ಟ್ ಸ್ಟೀಲು, ಎಂಜಿನ್ನಿನ ಹೊರಕವಚ, ಅಂದರೆ ಕೇಸ್, ಅಲ್ಯೂಮಿನಿಯಂ. ಜಾಸ್ತಿ ಬಲ ಬಿದ್ದರೆ ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಬೋಲ್ಟ್ ಹೊಸದು ತಂದು ಹಾಕಬಹುದು, ಕೇಸ್ ಬದಲಿಸಬೇಕೆಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಲೆಕ್ಕ ನೋಡಿ. ಇಂಥ 12 ಎಂಎಂ ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿ ಸಾಕು. ನಿಮ್ಮ ಬೈಕಿನ ಸರಿಯಾದ ಅಂಕಿ ಸರ್ವೀಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿ ಹಿಡಿದು ಸುಮಾರು 13 ಕೆಜಿ ತೂಕದಷ್ಟು ಎಳೆದರೆ ಅಷ್ಟು ಬಿಗಿ ಬಂದುಬಿಡುತ್ತದೆ, ಒಂದು ಕೈಯ ಕೆಲಸ. ಅದೇ ಸ್ಪ್ಯಾನರಿಗೆ ಎರಡು ಅಡಿ ಪೈಪು ಸಿಕ್ಕಿಸಿ ಅಷ್ಟೇ ಎಳೆದರೂ ಮೂರು ಪಟ್ಟು ಬಿಗಿ ಬೀಳುತ್ತದೆ. ಎಳೆಯುವವನ ಕೈಗೆ ಮಾತ್ರ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೋಲ್ಟ್ ಬಿಗಿಯಾಗುತ್ತಾ ಬಂದು ಇದ್ದಕ್ಕಿದ್ದಂತೆ ಹಗುರಾಗಿ ತಿರುಗಿತು ಅಂದರೆ ಥ್ರೆಡ್ ಹೋಯಿತು ಅಂತಲೇ ತಿಳಿಯಿರಿ.

ಹಾಗಾದರೆ ಮೊದಲು ಸೋರಿದ್ದು ಯಾಕೆ? ಸ್ಪೇರ್ಸ್ ಅಂಗಡಿಯಲ್ಲಿ ಬಿಡಿಯಾಗಿ ಕೊಟ್ಟ ವಾಷರ್ 14 ಎಂಎಂ ಬೋಲ್ಟಿನದು. ನೋಡಲು ಒಂದೇ ಥರ. ತೂತು ದೊಡ್ಡದಾದ್ದರಿಂದ ಒಂದು ಪಕ್ಕಕ್ಕೆ ಸರಿದು ಕೂತಿತ್ತು. ಎಷ್ಟೇ ಬಿಗಿ ಮಾಡಿದರೂ ಅದು ನಿಲ್ಲುವ ಸೋರಿಕೆಯೇ ಆಗಿರಲಿಲ್ಲ! ಹತ್ತಿಪ್ಪತ್ತು ರೂಪಾಯಿಯ ಸರಿಯಾದ ವಾಷರ್ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಅಂಗಡಿಗೆ ಹೋಗುವಾಗ ಹಳೆಯ ವಾಷರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಹೊಸದು ಬೋಲ್ಟಿನ ಮೇಲೆ ಅಲ್ಲಾಡದೆ ಕೂರಬೇಕು. ಈ ವಾಷರ್ ಮೆತ್ತಗಿನ ಲೋಹದ್ದು. ಒತ್ತಿದಾಗ ತಾನು ಚಪ್ಪಟೆಯಾಗಿ ಸಣ್ಣ ಗೀರುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಒಮ್ಮೆ ಚಪ್ಪಟೆಯಾದ ಮೇಲೆ ಮತ್ತೆ ಅದೇ ಕೆಲಸ ಸರಿಯಾಗಿ ಮಾಡಲ್ಲ. ತಾಮ್ರದ್ದಾದರೆ ಹಳೆಯ ಮೆಕ್ಯಾನಿಕ್‌ಗಳು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮತ್ತೆ ಮೆತ್ತಗೆ ಮಾಡಿಕೊಳ್ಳುತ್ತಾರೆ, ಅದು ಒಳ್ಳೆಯ ವಿದ್ಯೆ. ಅಲ್ಯೂಮಿನಿಯಂ ವಾಷರಿಗೆ ಹಾಗೆ ಮಾಡಲು ಹೋಗಬೇಡಿ, ಕೆಂಪಾಗುವ ಮುಂಚೆ ಕರಗಿಬಿಡುತ್ತದೆ.

ಇನ್ನು ಪೇಸ್ಟಿನ ವಿಷಯ. ಆಯಿಲ್ ಮೆತ್ತಿದ ಜಾಗಕ್ಕೆ ಅದು ಅಂಟುವುದೇ ಇಲ್ಲ. ಒಣಗಲು ಗಂಟೆಗಟ್ಟಲೆ ಬೇಕು, ಹಚ್ಚಿ ತಕ್ಷಣ ಹೊರಟರೆ ಏನೂ ಪ್ರಯೋಜನವಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೋಲ್ಟ್ ಒಳಗೆ ಹೋಗುವಾಗ ಸ್ವಲ್ಪ ಪೇಸ್ಟನ್ನೂ ಒಳಗೆ ತಳ್ಳುತ್ತದೆ. ಎಂಜಿನ್ ತಳದಲ್ಲಿ ಆಯಿಲ್ ಪಂಪಿಗೆ ಮುಂಚೆ ಟೀ ಸೋಸುವ ಜಾಲರಿಯಂಥ ಒಂದು ಸ್ಟ್ರೈನರ್ ಇರುತ್ತದೆ. ಒಣಗಿ ಮುರಿದ ಪೇಸ್ಟಿನ ಚೂರುಗಳು ಹೋಗಿ ಅಲ್ಲೇ ಕೂರುತ್ತವೆ. ಜಾಲರಿ ಕಟ್ಟಿಕೊಂಡರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ, ಅಲ್ಲಿ ವಾಲ್ವ್ ತೆರೆಯುವ ಕ್ಯಾಮಿಗೆ, ರಾಕರಿಗೆ ಆಯಿಲ್ ಸಾಲದೆ ಬೇಗ ಸವೆಯುತ್ತವೆ. ಹೊರಗೆ ಒಂದು ಹನಿಯೂ ಕಾಣದೆ ಒಳಗೆ ಎಂಜಿನ್ ಹಾಳಾಗುವುದು ಹೀಗೆ. ನಮ್ಮ ಬೈಕಿನ ಸ್ಟ್ರೈನರಿನಲ್ಲೂ ಬೂದು ಚೂರುಗಳು ಸಿಕ್ಕವು. ಬೇಗ ಬಿಚ್ಚಿದ್ದರಿಂದ ಉಳಿಯಿತು. ಲೀಕ್ ನಿಲ್ಲಿಸುತ್ತೇವೆ ಅಂತ ಆಯಿಲ್ ಒಳಗೆ ಸುರಿಯುವ ದ್ರವಗಳನ್ನೂ ಬೈಕಿಗೆ ಹಾಕಬೇಡಿ. ಕಾರಿನ ಹಾಗಲ್ಲ, ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚೂ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಸ್ಲಿಪ್ ಆಗಲು ಶುರುವಾಗಬಹುದು.

ಹನಿ ಕಂಡ ಕೂಡಲೇ ಡ್ರೈನ್ ಬೋಲ್ಟನ್ನೇ ದೂರಬೇಡಿ. ಆಯಿಲ್ ಇಳಿಸುವಾಗ ಸಂದಿಗಳಲ್ಲಿ ನಿಂತಿದ್ದೂ ಆಮೇಲೆ ತೊಟ್ಟಿಕ್ಕುತ್ತಿರುತ್ತದೆ. ಚೈನಿಗೆ ಹಾಕಿದ ಎಣ್ಣೆ ಮುಂದಿನ ಸ್ಪ್ರಾಕೆಟ್ ಕವರಿನಿಂದ ಇಳಿದು ಎಂಜಿನ್ ಲೀಕ್ ಥರವೇ ಕಾಣುತ್ತದೆ. ಕೆಳಭಾಗ ಪೂರ್ತಿ ಒರೆಸಿ ಒಣಗಿಸಿ, ಮೇಲೆ ತೆಳ್ಳಗೆ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಿ. ಆಯಿಲ್ ಕೆಳಕ್ಕೆ ಇಳಿಯುವುದರಿಂದ ಒದ್ದೆಯ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ. ನಮ್ಮ ಮಳೆಗಾಲದಲ್ಲಿ ಕೆಂಪು ಕೆಸರು ಮೆತ್ತಿ ಏನೂ ಕಾಣುವುದಿಲ್ಲ, ಅದಕ್ಕೆ ತೊಳೆಯದೆ ತೀರ್ಮಾನ ಮಾಡಬೇಡಿ. ಇಂಥ ಸಣ್ಣ ಎಂಜಿನ್ನಿಗೆ ಬದಲಿಸುವಾಗ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ. ಕಾಲು ಲೀಟರ್ ಹೋದರೂ ಅದು ದೊಡ್ಡ ಪಾಲು. ಸೋರಿಕೆ ಇರುವಷ್ಟು ದಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡದೆ ಹೊರಡಬೇಡಿ. ಟೈರಿಗೆ ಆಯಿಲ್ ತಾಗಿದ್ದರೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಒಣಗಿದ ಮೇಲೆಯೇ ಹತ್ತಿ.

ಥ್ರೆಡ್ ಹೋಗಿದ್ದರೆ ಕೇಸ್ ಬದಲಿಸಬೇಕು ಎಂಬ ಮಾತಿಗೆ ತಕ್ಷಣ ಒಪ್ಪಬೇಡಿ. ನಮಗೆ ಹೆಲಿಕಾಯಿಲ್ ಹಾಕಿದರು. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಥ್ರೆಡ್ ಕೊರೆಯುವ ಟ್ಯಾಪ್ ಹೊಡೆದು, ಸ್ಟೇನ್‌ಲೆಸ್ ಸ್ಟೀಲಿನ ಸುರುಳಿ ಕೂರಿಸುವ ಕೆಲಸ. ಒಳ್ಳೆಯ ಕೈಯಲ್ಲಿ ಆದರೆ ಮೊದಲಿನ ಥ್ರೆಡ್ಡಿಗಿಂತ ಗಟ್ಟಿ. ಸುರುಳಿಯ ತುದಿ ಮೇಲ್ಮೈಗಿಂತ ಒಳಗೇ ಇರಬೇಕು, ಇಲ್ಲದಿದ್ದರೆ ವಾಷರ್ ಕೂರುವುದಿಲ್ಲ. ಟ್ಯಾಪಿಗೆ ಗ್ರೀಸ್ ಹಚ್ಚಿ ಲೋಹದ ಚೂರುಗಳನ್ನು ಹಿಡಿಯಬೇಕು, ಕೊನೆಗೆ ಸ್ವಲ್ಪ ಹೊಸ ಆಯಿಲ್ ಮೇಲಿನಿಂದ ಸುರಿದು ತೊಳೆದು ಬಿಡಬೇಕು. ಎದುರು ನಿಂತು ನೋಡಿ, ಕೇಳಿ. ದಪ್ಪ ಬೋಲ್ಟನ್ನೇ ಬಲವಂತವಾಗಿ ತಿರುಗಿಸಿ ಹೊಸ ಥ್ರೆಡ್ ಮಾಡುತ್ತೇನೆ ಎಂದರೆ ಬೇಡ ಅನ್ನಿ. ಕೇಸ್ ಬಿರುಕು ಬಿಡಬಹುದು.

ಈ ಹಿಂದೆ ಯಾರಾದರೂ ನಿಮ್ಮ ಬೋಲ್ಟಿಗೆ ಪೇಸ್ಟ್ ಹಚ್ಚಿದ್ದರೆ, ಮುಂದಿನ ಆಯಿಲ್ ಚೇಂಜ್ ತನಕ ಕಾಯಬೇಡಿ. ಈ ವಾರವೇ ನಂಬಿಕೆಯ ಮೆಕ್ಯಾನಿಕ್ ಹತ್ತಿರ ಬೋಲ್ಟ್ ಬಿಚ್ಚಿಸಿ ಥ್ರೆಡ್ ನೋಡಿ, ಸ್ಟ್ರೈನರ್ ತೆಗೆಸಿ ತೊಳೆಸಿ. ಅಲ್ಲಿಯವರೆಗೆ ಚಾರ್ಮಾಡಿಯಾಗಲಿ ಶಿರಾಡಿಯಾಗಲಿ, ಆ ಬೈಕಿನಲ್ಲಿ ಘಾಟಿ ಇಳಿಯಬೇಡಿ.