ಪರೀಕ್ಷೆಗೆ ಮೂಳೆಮಜ್ಜೆ ತೆಗೆಯಲು ಯಾವ ಸೂಜಿ: ಸಲಾಹ್, ಜಮ್‌ಶಿದಿ, ಡ್ರಿಲ್

ಸಲಾಹ್ ಗಿಡ್ಡ ಸೂಜಿ. ಒಳಗೆ ತೂತು ಮುಚ್ಚುವ ಕಡ್ಡಿ, ಅಂದರೆ ಸ್ಟೈಲೆಟ್; ಮೇಲೆ ಸೂಜಿ ಎಷ್ಟು ಆಳಕ್ಕಿಳಿಯಬೇಕೆಂದು ತಡೆಯುವ, ಸರಿಸಿ ಬಿಗಿಮಾಡುವ ಗಾರ್ಡ್. ಹಳತಾದರೂ ಅದನ್ನು ಬಿಡಲಾಗದಿರುವುದು ಈ ಗಾರ್ಡ್‌ನಿಂದಲೇ. ಎದೆಮೂಳೆಗೆ ಚುಚ್ಚುವಾಗ ಸೂಜಿ ಅದರ ಹಿಂಬದಿ ತೂರಿಹೋದರೆ ಆಚೆಗಿರುವುದು ಹೃದಯ ಮತ್ತು ದೊಡ್ಡ ರಕ್ತನಾಳ. ಸ್ಕ್ರೂ ಸವೆದು ಗಾರ್ಡ್ ಜಾರುತ್ತಿದ್ದರೆ ಆ ಸೂಜಿಯನ್ನು ಎಸೆಯಿರಿ. ಹಬೆಯಲ್ಲಿ ಸೋಂಕು ಕಳೆಯುವ ಆಟೊಕ್ಲೇವ್‌ಗೆ ಹೋಗಿಬಂದಾಗ ಸ್ಟೈಲೆಟ್‌ಗಳು ಅದಲುಬದಲಾಗುವುದೂ ಉಂಟು. ತುದಿ ಸಮಕ್ಕೆ ಕೂರದಿದ್ದರೆ ಮೂಳೆಚೂರು ಸಿಕ್ಕಿಕೊಂಡು ಏನೂ ಬರುವುದಿಲ್ಲ, ತಪ್ಪು ಸೂಜಿಯದಾದರೂ ವರದಿಯಲ್ಲಿ ‘ಡ್ರೈ ಟ್ಯಾಪ್’, ಅಂದರೆ ಎಳೆದರೂ ಮಜ್ಜೆ ಬರಲಿಲ್ಲ, ಎಂದಾಗುತ್ತದೆ.

ಸಲಾಹ್‌ನಲ್ಲಿ ದ್ರವ ಸಿಗುತ್ತದೆ, ಮೂಳೆಯ ತುಂಡು ಸಿಗದು. ಅದಕ್ಕೆ ಜಮ್‌ಶಿದಿಯೇ ಬೇಕು: ದೊಡ್ಡವರಿಗೆ 11 ಗೇಜ್, ಮಕ್ಕಳಿಗೆ 13 (ಗೇಜ್ ಅಂಕಿ ಹೆಚ್ಚಾದಷ್ಟೂ ಸೂಜಿ ಸಣ್ಣದು). ಜಾಗ ಸೊಂಟದ ಹಿಂಬದಿಯ ಮೂಳೆಯುಬ್ಬು. ಎದೆಮೂಳೆಗೆ ಇದನ್ನು ತಾಗಿಸಲೇಬಾರದು. ಮರಗಟ್ಟಿಸುವ ಲಿಗ್ನೊಕೇನ್ ಚರ್ಮದಲ್ಲೇ ನಿಂತರೆ ಸಾಲದು, ಮೂಳೆಯ ಹೊರಪೊರೆಗೂ ಹರಡಬೇಕು. ಸಿರಿಂಜ್ ಎಳೆಯುವಾಗಿನ ನೋವು ಅದಕ್ಕೂ ಬಗ್ಗದು. ರೋಗಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸ್ಲೈಡಿಗೆ ಮೊದಲ ಎಳೆತದ ಅರ್ಧ ಎಂಎಲ್ ಒಳಗೇ ಸಾಕು. ಆಸೆಬಿದ್ದು ಹೆಚ್ಚು ಎಳೆದರೆ ಬರುವುದು ಬರೀ ರಕ್ತ. ತುಂಡನ್ನು ಅದೇ ತೂತಿನಿಂದ ತೆಗೆಯದೆ ಅರ್ಧ, ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಯಿರಿ. ಗಟ್ಟಿಪದರ ದಾಟಿ ಸೂಜಿ ತಾನೇ ನಿಂತಿತೆಂದರೆ ಸ್ಟೈಲೆಟ್ ತೆಗೆದು, ಅತ್ತಿತ್ತ ತಿರುಗಿಸುತ್ತಾ ಸುಮಾರು 2 ಸೆಂಟಿಮೀಟರ್ ಇಳಿಸಿ. ನಂತರ ಎರಡೂ ದಿಕ್ಕಿಗೆ ಪೂರ್ತಿ ಸುತ್ತಿಸಿ, ತುಸು ಹಿಂದೆಳೆದು, ಕೋನ ಬದಲಿಸಿ ಮತ್ತೆ ಸ್ವಲ್ಪ ಒತ್ತಿ. ಈ ಹೆಜ್ಜೆ ಬಿಟ್ಟರೆ ತುಂಡು ಬುಡದಲ್ಲಿ ಮುರಿಯದೆ ಒಳಗೇ ಉಳಿದು ಸೂಜಿ ಬರಿದಾಗಿ ಬರುತ್ತದೆ. ತುದಿ ಕಿರಿದಾಗಿರುವುದರಿಂದ ತುಂಡನ್ನು ತುದಿಯ ಕಡೆಯಿಂದ ಕಡ್ಡಿ ತೂರಿಸಿ ಹಿಡಿಯತ್ತ ತಳ್ಳಬೇಕು. ಉಲ್ಟಾ ತಳ್ಳಿದರೆ ತುಂಡು ನುಜ್ಜಾಗುತ್ತದೆ. ತುಂಡನ್ನು ಕೆಡದಂತಿಡುವ ಫಾರ್ಮಾಲಿನ್‌ಗೆ ಹಾಕುವ ಮೊದಲು ಸ್ಲೈಡಿನ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆದಿಟ್ಟರೆ, ದ್ರವ ಬಾರದಿದ್ದಾಗ ಅದೇ ಗತಿ.

ಬ್ಯಾಟರಿ ಡ್ರಿಲ್, ಅಂದರೆ ಆನ್‌ಕಂಟ್ರೋಲ್ ಬಗೆಯದು, ಬೇಗ ಮುಗಿಸುತ್ತದೆ. ಗಟ್ಟಿಮೂಳೆಯ ದಪ್ಪ ರೋಗಿಯಲ್ಲಿ ಬೆವರಿಳಿಸಿ ತಿರುವುವುದು ತಪ್ಪುತ್ತದೆ. ಆದರೆ ಪದರ ದಾಟಿದ್ದು ಕೈಗೆ ಅಷ್ಟು ಸ್ಪಷ್ಟವಾಗಿ ತಿಳಿಯದು. ಮೂಳೆ ಟೊಳ್ಳಾದ ಮುದುಕರಲ್ಲಿ ಟ್ರಿಗರ್ ಮೇಲಿನ ಬೆರಳು ಅರೆಕ್ಷಣ ತಡವಾದರೂ ಸೂಜಿ ಬೇಕಾದ್ದಕ್ಕಿಂತ ಆಳಕ್ಕೆ ಹೋಗಿರುತ್ತದೆ. ಪ್ರತಿ ಸಲವೂ ಹೊಸ ಸೂಜಿಯ ಖರ್ಚು ಬೇರೆ. ತುರ್ತಿನಲ್ಲಿ ಮೂಳೆಯೊಳಗೆ ಔಷಧ ಹರಿಸುವ ಇಝಡ್-ಐಒ ನೋಡಲು ಇದರಂತೆಯೇ ಇರುತ್ತದೆ, ಆದರೆ ಅದರಿಂದ ಬಯಾಪ್ಸಿ, ಅಂದರೆ ಪರೀಕ್ಷೆಗೆ ತುಂಡು ತೆಗೆಯುವುದು, ಆಗದು.

ಒಂದೇ ಕೊಳ್ಳುವುದಾದರೆ ಒಮ್ಮೆ ಬಳಸಿ ಬಿಸಾಡುವ 11 ಗೇಜ್ ಜಮ್‌ಶಿದಿ ಕೊಳ್ಳಿ. ಗಾರ್ಡ್ ಗಟ್ಟಿಯಿರುವ ಒಂದು ಸಲಾಹ್ ಈಗಾಗಲೇ ಇದ್ದರೆ ಅದೂ ಟ್ರೇಯಲ್ಲಿರಲಿ.