ಎಣ್ಣೆ ನೋಡಿ ಮರ ಗುರುತಿಸೋದು: ಕ್ಲಸ್ಟರೋ, ಪಿಸಿಎಯೋ?

ಧಾರವಾಡದ ಸುತ್ತ ನೀಲಗಿರಿಗೆ ಬರವಿಲ್ಲ. ಎಂ.ಎಸ್ಸಿ ಪ್ರಾಜೆಕ್ಟಿಗೆ 24 ಮರಗಳ ಎಲೆ ತಂದೆ. ಅರ್ಧ ಮಾಮೂಲಿ ನೀಲಗಿರಿ, ಅರ್ಧ ಲಿಂಬೆ ವಾಸನೆಯದ್ದು. (ಈ ಲಿಂಬೆ ಜಾತಿಯನ್ನು 1995ರಲ್ಲೇ ಕೊರಿಂಬಿಯಾ ಕುಲಕ್ಕೆ ಸೇರಿಸಿದ್ದಾರೆ. ನಮ್ಮ ಲ್ಯಾಬಿನ ಚೀಟಿಗಳಲ್ಲಿ ಮಾತ್ರ ಇನ್ನೂ ಯೂಕಲಿಪ್ಟಸ್ಸೇ.) ಒಂದೊಂದನ್ನೂ ಕ್ಲೆವೆಂಜರ್ ಉಪಕರಣದಲ್ಲಿ ಮೂರು ತಾಸು ಕುದಿಸಿ ಎಣ್ಣೆ ಇಳಿಸಿದೆ. ಗ್ಯಾಸ್ ಕ್ರೊಮ್ಯಾಟೋಗ್ರಫಿ (ಎಣ್ಣೆಯ ಘಟಕಗಳನ್ನು ಬೇರೆ ಮಾಡಿ ಅಳೆಯುವ ಪರೀಕ್ಷೆ) ಮಾಡಿಸಿದ ಮೇಲೆ ಕೈಗೆ ಬಂದದ್ದು ಉದ್ದನೆಯ ಪಟ್ಟಿ: ಸಿನಿಯೋಲ್ ಶೇಕಡಾ ಎಷ್ಟು, ಸಿಟ್ರೊನೆಲಾಲ್ ಎಷ್ಟು, ಪೈನೀನ್ ಎಷ್ಟು.

ಮೊದಲು ಕ್ಲಸ್ಟರ್ ಮಾಡಿದೆ, ಅಂದರೆ ಅಂಕಿ ಹೋಲುವ ಮರಗಳನ್ನು ಕಂಪ್ಯೂಟರಿನಿಂದ ಗುಂಪು ಕಟ್ಟಿಸಿದೆ, ವಾರ್ಡ್ ಅನ್ನುವ ವಿಧಾನದಲ್ಲಿ. ವಂಶವೃಕ್ಷದ ಹಾಗೆ ಚಿತ್ರ ಬಂತು. ಎರಡು ದೊಡ್ಡ ಕವಲು, ಎಡಕ್ಕೆ ಮಾಮೂಲಿ ನೀಲಗಿರಿ, ಅಂದರೆ ಸಿನಿಯೋಲ್‌ನವು, ಬಲಕ್ಕೆ ಲಿಂಬೆಯವು, ಅಂದರೆ ಸಿಟ್ರೊನೆಲಾಲ್‌ನವು. ನೋಡಿದವರೆಲ್ಲ ಭೇಷ್ ಅಂದರು. ನನಗೂ ಖುಷಿ.

ಆಮೇಲೆ ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್), ಉದ್ದನೆಯ ಅಂಕಿಪಟ್ಟಿಯನ್ನು ಒಂದು ಚುಕ್ಕಿಚಿತ್ರಕ್ಕೆ ಇಳಿಸುವ ಲೆಕ್ಕ. ಸಂಖ್ಯಾಶಾಸ್ತ್ರಜ್ಞ ಪಿಯರ್ಸನ್ 1901ರಲ್ಲಿ ಕೊಟ್ಟ ಉಪಾಯ. ಒಂದೊಂದು ಮರವೂ ಒಂದು ಚುಕ್ಕಿ. ಎರಡು ಗುಂಪು ಇಲ್ಲೂ ಕಂಡವು, ಆದರೆ 17ನೇ ಮರ ನಡುವೆ ಒಂಟಿಯಾಗಿ ನಿಂತಿತ್ತು! ಕವಲುಚಿತ್ರದಲ್ಲಿ ಅದು ಬಲಗಡೆ ಸುಮ್ನೆ ಕೂತಿತ್ತು. ಕಡ್ಡಿ ಸ್ವಲ್ಪ ಉದ್ದ, ಅಷ್ಟೇ, ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ತಲೆ ಕೆರೆದುಕೊಂಡು ನೆನಪಿಸಿಕೊಂಡೆ. ಆ ದಿನ ಸ್ಕೂಟರಿನ ಮೇಲೆ ಎರಡು ಚೀಲ ಹರಿದಿದ್ದವು. ರಸ್ತೆಯ ಮೇಲೆ ಬಿದ್ದ ಎಲೆಗಳನ್ನು ಬಳಿದು ತುಂಬಿದ್ದೆ. ಎರಡು ಎಣ್ಣೆ ಬೆರೆತರೆ ಶೇಕಡಾ ಲೆಕ್ಕವೂ ನಡುವೆಯೇ ಬರಬೇಕು, ಅಲ್ವಾ?

ಕ್ಲಸ್ಟರಿನ ಮೇಲೆ ಅನುಮಾನ ಹುಟ್ಟಿ, ಕಂಪ್ಯೂಟರಿನಿಂದ ಸುಳ್ಳುಪಳ್ಳು ಅಂಕಿ ಹುಟ್ಟಿಸಿ ಅದಕ್ಕೆ ಕೊಟ್ಟೆ. ಅದಕ್ಕೂ ಕವಲು ಬಂತು! ಗುಂಪು ಇರಲಿ ಬಿಡಲಿ, ಅದು ಗುಂಪು ಮಾಡಿಯೇ ತೀರುತ್ತದೆ. ಪಿಸಿಎಯಲ್ಲಿ ಬಾಣಗಳೂ ಇರುತ್ತವೆ, ಯಾವ ರಾಸಾಯನಿಕ ಮರಗಳನ್ನು ಬೇರೆ ಮಾಡುತ್ತಿದೆ ಅಂತ ತೋರಿಸುತ್ತವೆ.

ಹಾಗಂತ ಪಿಸಿಎ ಸತ್ಯಹರಿಶ್ಚಂದ್ರ ಅಲ್ಲ. ಅಂಕಿಗಳನ್ನು ಹಾಗೇ ಕೊಟ್ಟರೆ ಸಿಟ್ರೊನೆಲಾಲ್, ಸಿನಿಯೋಲ್ ಎರಡರದ್ದೇ ಕಾರುಬಾರು. ಎಲ್ಲವನ್ನೂ ಸಮ ಅಳತೆಗೆ ತಂದರೆ ಅರ್ಧ ಶೇಕಡಾ ಇರುವ ಪುಡಿ ಘಟಕಕ್ಕೂ ಅಷ್ಟೇ ದನಿ, ಗದ್ದಲ ಜಾಸ್ತಿ. ನಾನು ಎರಡೂ ಮಾಡಿ ನೋಡಿದೆ. ಗುಂಪು ಕಂಡದ್ದು ಮೊದಲನೆಯದರಲ್ಲೇ ಚೆನ್ನಾಗಿ.

ಈಗ ಮೊದಲು ಪಿಸಿಎ ನೋಡುತ್ತೇನೆ, ಪೋಸ್ಟರಿಗೆ ಮಾತ್ರ ಕವಲುಚಿತ್ರ. 17ನೇ ಮರದ ಎಲೆ ಮತ್ತೆ ತರಬೇಕು, ಈ ಸಲ ಗೋಣಿಚೀಲದಲ್ಲಿ.